ಒಳ್ಳೇ ಕಣ್ಣಿಗೇ ಪಟ್ಟಿ ಯಾಕೆ?

ಮಗುವಿನ ಒಂದು ಕಣ್ಣು ನೆಟ್ಟಗಿದೆ. ಇನ್ನೊಂದು ಮೂಗಿನ ಕಡೆ ತಿರುಗಿದೆ. ಇದನ್ನು ಮೆಳ್ಳೆಗಣ್ಣು ಅಂತೀವಿ. ಮಾಲುಗಣ್ಣು ಅಂತಲೂ ಅಂತಾರೆ.

"ಮೆಳ್ಳೆಗಣ್ಣು ಅದೃಷ್ಟ, ಹಾಗೇ ಬಿಡು" ಅಂತ ಹಿರಿಯರು ಹೇಳ್ತಾರೆ. "ದೊಡ್ಡವಳಾದರೆ ತಾನೇ ಸರಿಹೋಗುತ್ತೆ" ಅಂತಾನೂ ಹೇಳ್ತಾರೆ. ಎರಡನ್ನೂ ನಂಬಬೇಡಿ. ಎಳೆ ಕೂಸಿನ ಕಣ್ಣು ಆಗಾಗ ಅತ್ತಿತ್ತ ಸರಿಯುವುದುಂಟು. ನಾಲ್ಕು ತಿಂಗಳು ಕಳೆದ ಮೇಲೂ ಹಾಗೇ ಇದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಬೇಕು.

ಯಾಕೆ ಗೊತ್ತೆ? ನಾವು ನೋಡುವುದು ಬರೀ ಕಣ್ಣಿನಿಂದಲ್ಲ. ಕಣ್ಣು ಕಳಿಸಿದ ಚಿತ್ರವನ್ನು ಮೆದುಳು ಅರಿಯಬೇಕು. ಮಗುವಿನ ಮೆದುಳು ಇದನ್ನು ನಿಧಾನವಾಗಿ ಕಲಿಯುತ್ತದೆ.

ನೊಗಕ್ಕೆ ಕಟ್ಟಿದ ಜೋಡೆತ್ತು ನೆನಪಿಸಿಕೊಳ್ಳಿ. ಒಂದೆತ್ತು ಗಟ್ಟಿ, ಇನ್ನೊಂದು ಬಡಕಲು. ಗಟ್ಟಿ ಎತ್ತೇ ಎಳೆಯುತ್ತದೆ. ಬಡಕಲು ಎತ್ತು ಸುಮ್ಮನೆ ಜೊತೆಗೆ ನಡೆಯುತ್ತದೆ. ಕಣ್ಣೂ ಹಾಗೇ. ಒಂದು ಕಣ್ಣು ಮಂಜಾದರೆ ಮೆದುಳು ಅದನ್ನು ಬಿಟ್ಟುಬಿಡುತ್ತದೆ. ಒಳ್ಳೇ ಕಣ್ಣಿನಿಂದಲೇ ನೋಡುತ್ತದೆ. ಬಿಟ್ಟ ಕಣ್ಣು ಸೋಮಾರಿ ಕಣ್ಣಾಗುತ್ತದೆ.

ಮೆಳ್ಳೆಗಣ್ಣು ಇಲ್ಲದ ಮಕ್ಕಳಿಗೂ ಇದು ಬರುತ್ತದೆ. ಕಣ್ಣು ನೋಡಲು ಚೆನ್ನಾಗೇ ಇರುತ್ತದೆ. ನೋವಿಲ್ಲ, ನೀರಿಲ್ಲ. ಒಂದು ಕಣ್ಣಿಗೆ ಮಾತ್ರ ಕಾಣದು. ಅದು ಮಗುವಿಗೇ ಗೊತ್ತಿರುವುದಿಲ್ಲ! ಇನ್ನು ತಾಯಿಗೆ ಹೇಗೆ ಗೊತ್ತಾಗಬೇಕು?

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಮಗು ಆಡುವಾಗ ಒಂದು ಕಣ್ಣನ್ನು ಕೈಯಿಂದ ಮುಚ್ಚಿ. ಆಮೇಲೆ ಇನ್ನೊಂದನ್ನು ಮುಚ್ಚಿ. ಒಂದು ಕಣ್ಣು ಮುಚ್ಚಿದಾಗ ಮಾತ್ರ ಮಗು ಅತ್ತರೆ, ಕೈ ತಳ್ಳಿದರೆ, ತಡಮಾಡಬೇಡಿ. ಅಳದಿದ್ದರೂ ಶಾಲೆಗೆ ಸೇರಿಸುವ ಮುಂಚೆ ಕಣ್ಣು ತೋರಿಸುವುದು ಒಳ್ಳೆಯದು. ಕಣ್ಣಿನ ಕಪ್ಪು ಗುಡ್ಡೆಯೊಳಗೆ ಬಿಳಿ ಕಂಡರಂತೂ ಅವತ್ತೇ ಹೊರಡಿ.

ಡಾಕ್ಟರು ಮೊದಲು ಕನ್ನಡಕ ಕೊಡಬಹುದು. ಆಮೇಲೆ ಪಟ್ಟಿ. ಪಟ್ಟಿ ಹಾಕುವುದು ಒಳ್ಳೇ ಕಣ್ಣಿಗೆ! "ಕಾಣೋ ಕಣ್ಣನ್ನೇ ಮುಚ್ಚಿದರಲ್ಲ" ಅಂತ ಅತ್ತೆ ಬೈಯಬಹುದು. ಆದರೆ ಗಟ್ಟಿ ಎತ್ತನ್ನು ಬಿಚ್ಚಿದರೆ ತಾನೆ ಬಡಕಲು ಎತ್ತು ಎಳೆಯುವುದು?

ಕೆಲವರಿಗೆ ದಿನಕ್ಕೆ 2 ಗಂಟೆ ಸಾಕು. ಕೆಲವರಿಗೆ 6 ಗಂಟೆ ಬೇಕು. ಅದನ್ನು ಡಾಕ್ಟರೇ ಹೇಳಬೇಕು. ಬೇಗ ಗುಣವಾಗಲಿ ಅಂತ ನೀವೇ ಹೆಚ್ಚು ಹೊತ್ತು ಹಾಕಬೇಡಿ. ಒಳ್ಳೇ ಕಣ್ಣೂ ಮಂಕಾದೀತು. ಪಟ್ಟಿಯನ್ನು ಚರ್ಮಕ್ಕೆ ಅಂಟಿಸಿ, ಅದರ ಮೇಲೆ ಕನ್ನಡಕ ಹಾಕಿ. ಗಾಜಿಗೆ ಅಂಟಿಸಿದರೆ ಮಗು ಸಂದಿಯಿಂದ ಇಣುಕುತ್ತದೆ. ಮಕ್ಕಳು ಜಾಣರು!

ಮೊದಮೊದಲು ಮಗು ಅಳುತ್ತದೆ, ಎಡವುತ್ತದೆ. ಪಟ್ಟಿ ಇರುವಾಗ ಒಂಟಿಯಾಗಿ ರಸ್ತೆಗೆ ಬಿಡಬೇಡಿ. ಹತ್ತಿರ ಕೂರಿಸಿಕೊಂಡು ಬಣ್ಣ ಹಚ್ಚಿಸಿ, ಅಕ್ಕಿಯಲ್ಲಿ ಕಲ್ಲು ಆರಿಸಿ. ಹೊತ್ತು ಹೋಗಿದ್ದೇ ತಿಳಿಯದು.

ಏಳು ವರ್ಷದೊಳಗೆ ಶುರು ಮಾಡಿದರೆ ಗುಣ ಹೆಚ್ಚು. ಆಮೇಲೆ ಕಷ್ಟ. ಹಾಗಂತ ಎಂಟು, ಹತ್ತು ವರ್ಷದ ಮಕ್ಕಳನ್ನು ಬಿಡಬೇಡಿ. ಅವರಿಗೂ ಎಷ್ಟೋ ಗುಣವಾಗಿದೆ. ಹೆಣ್ಣುಮಕ್ಕಳದೇ ಚಿಂತೆ. "ಕನ್ನಡಕ ಹಾಕಿದರೆ ಗಂಡು ಸಿಗಲ್ಲ" ಅಂತ ಮನೆಯವರೇ ತೆಗೆಸುತ್ತಾರೆ. ಒಂದು ಕಣ್ಣು ಹೋದರೆ ಅವಳಿಗೆ ಯಾರು ಕೊಡ್ತಾರೆ?

ಕಣ್ಣಿನ ವ್ಯಾಯಾಮದ ಮಾತೂ ಕೇಳಿರುತ್ತೀರಿ. ಓದುವಾಗ ಎರಡು ಕಣ್ಣೂ ಕೂಡದೆ ತಲೆನೋಯುವ ಮಕ್ಕಳಿಗೆ ಡಾಕ್ಟರು ವ್ಯಾಯಾಮ ಹೇಳಿಕೊಡುತ್ತಾರೆ. ಅದು ಫಲ ಕೊಡುತ್ತದೆ. ಆದರೆ ವ್ಯಾಯಾಮದಿಂದ ಕನ್ನಡಕ ಬಿಡಿಸುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ.

2013ರಲ್ಲಿ ಸರ್ಕಾರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರು ಮಾಡಿತು. ಅದರಲ್ಲಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆ ಮಕ್ಕಳ ತಪಾಸಣೆ ಉಚಿತ. ತಂಡ ಯಾವತ್ತು ಬರುತ್ತದೆ ಅಂತ ಅಂಗನವಾಡಿ ಟೀಚರನ್ನೋ ಆಶಾ ಅಕ್ಕನನ್ನೋ ಕೇಳಿ.

ಈಗ ನಿಮಗೆ ಬರೆಯಲು ಬರುತ್ತದಲ್ಲ. ಒಂದು ನೋಟ್ ಬುಕ್ಕಿನಲ್ಲಿ ದಿನಾ ಬರೆದಿಡಿ: ತಾರೀಖು, ಪಟ್ಟಿ ಹಾಕಿದ ಹೊತ್ತು, ತೆಗೆದ ಹೊತ್ತು. ಮುಂದಿನ ಸಲ ಡಾಕ್ಟರು "ಸರಿಯಾಗಿ ಹಾಕಿದೆಯೇನಮ್ಮಾ?" ಅಂದಾಗ ಆ ಹಾಳೆ ತೋರಿಸಿ.