ಜಯಲಕ್ಷ್ಮಿ ವಿಲಾಸವನ್ನು ನೋಡುವ ಬಗೆ

ಉದಯಗಿರಿ ಮೈಸೂರಿನ ಪೂರ್ವಕ್ಕಿದೆ, ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಪಶ್ಚಿಮಕ್ಕೆ. ಉದಯಗಿರಿಯಿಂದ ಸ್ನಾತಕೋತ್ತರ ತರಗತಿಗೆ ಸೇರಿದವರು ದಿನವೂ ಇಡೀ ಊರು ದಾಟಿ ಬರುತ್ತೀರಿ. ಬಂದ ಹೊಸದರಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ‘ಸಾರ್, ದಿಬ್ಬದ ಮೇಲಿರೋದು ಅರಮನೆಯಾ, ಕಾಲೇಜಾ?’ ಅರಮನೆಯಾಗಿ ಹುಟ್ಟಿ ವಿದ್ಯಾಲಯದ ಪಾಲಾದ ಮನೆ ಅದು, ಜಯಲಕ್ಷ್ಮಿ ವಿಲಾಸ.

ಕಟ್ಟಿದ್ದು 1905ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ ಜಯಲಕ್ಷ್ಮಮ್ಮಣ್ಣಿಯವರಿಗಾಗಿ. ಅವರ ಪತಿ ಎಂ. ಕಾಂತರಾಜ ಅರಸು 1918ರಿಂದ 1922ರವರೆಗೆ ಮೈಸೂರಿನ ದಿವಾನರಾಗಿದ್ದರು. ಮನೆಯಲ್ಲಿ 125 ಕೋಣೆ, 300 ಕಿಟಕಿ, 287 ಬಾಗಿಲುಗಳಿವೆ ಎಂದು ಲೆಕ್ಕ.

ಅಂಕಿಗಳಿಗೆ ಬೆರಗಾಗುವ ಮೊದಲು ಕಂಬಗಳನ್ನು ನೋಡಿ. ಹೊರಗೆ ಅವು ಜೋಡಿಜೋಡಿಯಾಗಿ ನಿಂತಿವೆ. ಕಂಬದ ತಲೆಯಲ್ಲಿ ಟಗರಿನ ಕೊಂಬಿನಂಥ ಸುರುಳಿಯಿದ್ದರೆ ಅದು ಅಯೋನಿಕ್, ಎಲೆಗಳ ಗೊಂಚಲಿದ್ದರೆ ಕೊರಿಂಥಿಯನ್. ಎರಡೂ ಗ್ರೀಸಿನವು, ಬ್ರಿಟಿಷರ ಕಾಲದಲ್ಲಿ ನಮ್ಮಲ್ಲಿಗೆ ಬಂದು ದೊಡ್ಡಸ್ತಿಕೆಯ ಗುರುತಾದವು. ಅವುಗಳ ಮೇಲಿನ ತ್ರಿಕೋನವೂ ಮೊಟ್ಟೆಯಾಕಾರದ ಗವಾಕ್ಷಿಗಳೂ ಅದೇ ಶೈಲಿಯವು.

ಒಳಗೆ ಹೋದರೆ ಲೆಕ್ಕಾಚಾರವೇ ಬೇರೆ. ನಡುವೆ ಕಲ್ಯಾಣಮಂಟಪ, ಕೆತ್ತನೆಯ ತೇಗದ ಕಂಬಗಳು, ಹೂಬಳ್ಳಿ ಮೂಡಿದ ಬಣ್ಣದ ಗಾಜು. ಬೀದಿಗೆ ತೋರುವ ಮುಖ ಯುರೋಪಿನದಾದರೂ ಮದುವೆ, ಮಂಗಳಕಾರ್ಯ ನಡೆಯುವ ಒಡಲು ಮೈಸೂರಿನದೇ. ಈ ಕಟ್ಟಡದ ಮುಖ್ಯ ಗುಣ ಇದೇ.

1959ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಇದನ್ನು ಕೊಂಡಿತು. ಆಗ ಕುಲಪತಿಗಳಾಗಿದ್ದ ಕುವೆಂಪು ಇಲ್ಲಿನ ಸ್ನಾತಕೋತ್ತರ ಕೇಂದ್ರಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಅರವತ್ತರ ದಶಕದ ಕೊನೆಗೆ ಜಾನಪದ ವಸ್ತುಸಂಗ್ರಹಾಲಯ ಇಲ್ಲಿ ನೆಲೆಗೊಂಡಿತು. ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಹಳ್ಳಿಹಳ್ಳಿಗೆ ಹೋಗಿ ತೊಗಲುಗೊಂಬೆ, ಯಕ್ಷಗಾನದ ವೇಷಭೂಷಣ, ಒಕ್ಕಲುತನದ ಸಲಕರಣೆಗಳನ್ನು ತಂದು ಕೂಡಿಸಿದರು. ರಾಜಕುಮಾರಿಯ ಮನೆಗೆ ರೈತನ ನೇಗಿಲು ಬಂದದ್ದು ಹೀಗೆ.

ಮರ, ಗಾರೆಯ ಮನೆಗೆ ಸೋರುವ ಮಳೆನೀರೇ ದೊಡ್ಡ ಶತ್ರು. 2000ದ ದಶಕದ ಆರಂಭದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಜೀರ್ಣೋದ್ಧಾರವಾಯಿತು. ಆದರೆ ಇಂಥ ಕಟ್ಟಡಕ್ಕೆ ಒಮ್ಮೆ ಮಾಡಿದ ದುರಸ್ತಿ ಸಾಲದು, ವರ್ಷವರ್ಷವೂ ಕಣ್ಣಿಟ್ಟಿರಬೇಕು. ನೀವು ಹೋದ ದಿನ ದುರಸ್ತಿಗೆಂದು ಬಾಗಿಲು ಹಾಕಿದ್ದರೆ ಬೇಸರ ಬೇಡ. ಹೊರಗೇ ಒಂದು ಸುತ್ತು ಹಾಕಿ, ಯಾವುದು ಸುರುಳಿ, ಯಾವುದು ಎಲೆ ಎಂದು ಗುರುತಿಸಿ. ಗೋಡೆಯ ಮೇಲೆ ಮಾತ್ರ ನಿಮ್ಮ ಹೆಸರು ಕೆತ್ತಬೇಡಿ.