ಪೊಟ್ಟಣ ಯಾವ ಊರಿಗೆ ಹೋಗ್ತಿದೆ?

ದರ ಬಿದ್ದ ವರ್ಷ ಚಿತ್ರದುರ್ಗದ ಕಡೆ ಈರುಳ್ಳಿ ಹೊಲದಲ್ಲೇ ಕೊಳೆಯೋದು ಹೊಸ ಸುದ್ದಿಯಲ್ಲ. ಆಗೆಲ್ಲ ಕೇಳಿಬರುವ ಸಲಹೆ ಒಂದೇ: ಒಣಗಿಸಿ, ಪುಡಿ ಮಾಡಿ ಮಾರಿ. ಒಣಗಿಸೋದೇನೋ ಸರಿ, ನಮ್ಮ ಬಯಲುಸೀಮೆಯ ಒಣಹವೆ ಅದಕ್ಕೆ ಅನುಕೂಲವೇ. ಆದರೆ ಅದೇ ಪುಡಿ ಮಳೆಗಾಲದಲ್ಲಿ ಮಂಗಳೂರಿನ ಅಂಗಡಿ ಸೇರಿದರೆ? ಪ್ಯಾಕೇಜಿಂಗ್ ಲೆಕ್ಕ ಶುರುವಾಗೋದೇ ಅಲ್ಲಿಂದ.

ಲೆಕ್ಕ ಹಾಕಿಯೇ ನೋಡೋಣ. ಒಂದು ಚದರ ಮೀಟರ್ ಫಿಲ್ಮ್ ದಿನಕ್ಕೆ ಎಷ್ಟು ಗ್ರಾಂ ನೀರಾವಿ ಒಳಗೆ ಬಿಡುತ್ತೆ ಅನ್ನೋದೇ ಡಬ್ಲ್ಯುವಿಟಿಆರ್. ಇದನ್ನು ಸಾಮಾನ್ಯವಾಗಿ 38 ಡಿಗ್ರಿ ಸೆಲ್ಸಿಯಸ್, ಶೇ. 90 ತೇವಾಂಶದಲ್ಲಿ ಅಳೆಯುತ್ತಾರೆ. 10 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ಪೊಟ್ಟಣಕ್ಕೆ ಎರಡೂ ಬದಿ ಸೇರಿ 0.04 ಚದರ ಮೀಟರ್. ಒಳಗೆ 100 ಗ್ರಾಂ ಪುಡಿ. 2 ಗ್ರಾಂ ನೀರು ಹೆಚ್ಚಾದರೆ ಅದು ಗಂಟು ಕಟ್ಟುತ್ತೆ ಅಂತಿಟ್ಕೊಳ್ಳಿ. ಸಾದಾ ಪಾಲಿಥೀನ್‌ನ ದರ 8 ಅಂದ್ರೆ ದಿನಕ್ಕೆ 0.32 ಗ್ರಾಂ ಒಳಬರುತ್ತೆ, ಆರೇ ದಿನಕ್ಕೆ ಪುಡಿ ಗಂಟು. ದರ 1 ಇರುವ ಮೆಟಲೈಸ್ಡ್ ಫಿಲ್ಮ್ ಆದರೆ 50 ದಿನ. ಹಿರಿಯೂರಿನ ಹವೆಯಲ್ಲಿ ಸಾದಾ ಕವರೇ ಎಷ್ಟೋ ಹೆಚ್ಚು ದಿನ ತಡೆದೀತು. ಅದನ್ನೇ ನೋಡಿ ಮೋಸ ಹೋಗಬಾರದು.

ಇನ್ನು ಹಿರಿಯೂರು, ಹೊಸದುರ್ಗದ ದಾಳಿಂಬೆ. ಇಲ್ಲಿ ಹಣ್ಣು ಒಂದೇ, ಬೇಡಿಕೆ ಮಾತ್ರ ತದ್ವಿರುದ್ಧ. ಜ್ಯೂಸಿಗೆ ಆಮ್ಲಜನಕವೇ ಶತ್ರು. ಅದು ತಾಗಿದಷ್ಟೂ ಕೆಂಪು ಬಣ್ಣ ಕಂದಾಗುತ್ತೆ, ಬಿಸಿ ಸೇರಿದರೆ ಇನ್ನೂ ಬೇಗ. ಅದಕ್ಕೇ ಕಾಗದ, ಪಾಲಿಥೀನ್, ಅಲ್ಯೂಮಿನಿಯಂ ಪದರಗಳ ಅಸೆಪ್ಟಿಕ್ ಡಬ್ಬಿ. ಬಿಡಿಸಿದ ಕಾಳು ಹಾಗಲ್ಲ, ಅದಿನ್ನೂ ಉಸಿರಾಡ್ತಾ ಇರುತ್ತೆ. ಗಾಳಿಯೇ ಆಡದ ಫಿಲ್ಮಿನಲ್ಲಿ ಕೂಡಿಹಾಕಿದರೆ ಒಳಗಿನ ಆಮ್ಲಜನಕ ಮುಗಿದು ಹುಳಿಹೆಂಡದ ವಾಸನೆ ಬರುತ್ತೆ. ಅದಕ್ಕೆ ಲೆಕ್ಕವಾಗಿ ಗಾಳಿ ಬಿಡುವ ಫಿಲ್ಮು ಬೇಕು, ಜೊತೆಗೆ ಫ್ರಿಜ್ಜಿನ ತಂಪು. ‘ಒಳ್ಳೇ ಪ್ಯಾಕ್’ ಅಂತ ಒಂದಿಲ್ಲ.

ಸದ್ಯದ ದೊಡ್ಡ ಬದಲಾವಣೆ ಇರೋದು ಪದರಗಳಲ್ಲಿ. ಪಾಲಿಯೆಸ್ಟರ್, ಅಲ್ಯೂಮಿನಿಯಂ, ಪಾಲಿಥೀನ್ ಅಂಟಿಸಿದ ಹಾಳೆ ಅದ್ಭುತ ತಡೆಗೋಡೆ, ಆದರೆ ಬಿಡಿಸಿ ಮರುಬಳಸೋದು ಬಲು ಕಷ್ಟ. 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪ್ಲಾಸ್ಟಿಕ್ ಪ್ಯಾಕಿಂಗ್‌ನ ವಿಲೇವಾರಿ ಹೊಣೆಯನ್ನು ಉತ್ಪಾದಕರ ತಲೆಗೇ ಕಟ್ಟುವ ಮಾರ್ಗಸೂಚಿ ತಂದಿತು. ಹಾಗಾಗಿ ಈಗ ಒಂದೇ ಜಾತಿಯ ಪ್ಲಾಸ್ಟಿಕ್‌ನ ನಡುವೆ ತೆಳು ಇವಿಒಎಚ್ ಪದರ ಇಡುವ ಪ್ರಯತ್ನ ನಡೆದಿದೆ. ಇವಿಒಎಚ್ ಆಮ್ಲಜನಕವನ್ನು ಚೆನ್ನಾಗಿ ತಡೆಯುತ್ತೆ, ತೇವ ತಗುಲಿದರೆ ಸೋಲುತ್ತೆ. ನಡುವೆ ಇಡೋದು ಅದಕ್ಕೇ. ಮೆಟೀರಿಯಲ್ಸ್ ಓದುವವರಿಗೆ ಇಲ್ಲಿ ಪ್ರಾಜೆಕ್ಟ್ ಉಂಟು.

ಒಂದು ಮಾತು ಪ್ರಾಜೆಕ್ಟ್ ಮಾಡುವವರಿಗೇ. ಎಂಥ ದುಬಾರಿ ಫಿಲ್ಮ್ ತಂದರೂ ಸೀಲ್ ಹಾಕುವ ಜಾಗದಲ್ಲಿ ಚಿಟಿಕೆ ಪುಡಿ ಸಿಕ್ಕಿಕೊಂಡರೆ ಮೇಲಿನ ಲೆಕ್ಕವೆಲ್ಲ ನೀರುಪಾಲು. ಪೊಟ್ಟಣದೊಳಗೆ ಸ್ವಲ್ಪ ಗಾಳಿ ಉಳಿಸಿ ಸೀಲ್ ಮಾಡಿ, ಬಕೆಟ್ ನೀರಲ್ಲಿ ಮುಳುಗಿಸಿ ಅದುಮಿ. ಗುಳ್ಳೆ ಎದ್ದರೆ ಮೊದಲು ಸೀಲಿಂಗ್ ಮಷೀನ್ ನೋಡಿ, ಆಮೇಲೆ ಫಿಲ್ಮ್.