ಪೇಟೆಯ ಹಣ ಮನೆ ಸೇರುವ ತನಕ
(ಪ್ರಯಾಣದಲ್ಲಿ ಹಣ, ಒಡವೆ, ಸಾಮಾನುಗಳ ರಕ್ಷಣೆ)



ಬೆಳೆಯನ್ನು ಹಕ್ಕಿಯಿಂದ, ಹುಳುವಿನಿಂದ, ಕಾಡುಹಂದಿಯಿಂದ ಕಾಯುವುದಕ್ಕಾಗಿ ನಾವು ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕುಳಿತಿರುತ್ತೇವೆ. ಅದೇ ಬೆಳೆ ಪೇಟೆಗೆ ಹೋಗಿ ನೋಟಿನ ರೂಪ ತಾಳಿತೆಂದರೆ, ಅದನ್ನು ಒಂದು ಕೈಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತೂಕಡಿಸುತ್ತ ಊರಿಗೆ ಬರುತ್ತೇವೆ. ಆರು ತಿಂಗಳು ಕಾಯ್ದದ್ದನ್ನು ಆರು ತಾಸು ಕಾಯಲಾರದೆ ಕಳೆದುಕೊಂಡರೆ ಆ ವರ್ಷದ ಬೀಜ, ಗೊಬ್ಬರ, ಮಕ್ಕಳ ಓದು, ಮನೆಯ ಮದುವೆ ಎಲ್ಲವೂ ಕೈತಪ್ಪಿದಂತೆಯೇ. ಆದ್ದರಿಂದ ಪ್ರಯಾಣದ ಎಚ್ಚರಿಕೆಯೂ ಬೇಸಾಯದ ಒಂದು ಭಾಗವೆಂದು ತಿಳಿಯಬೇಕು.

ಬ್ಯಾಡಗಿಯ ಪೇಟೆಯನ್ನೇ ತೆಗೆದುಕೊಳ್ಳೋಣ. ಹಾವೇರಿ ಜಿಲ್ಲೆಯ ಈ ಊರಿಗೆ ಧಾರವಾಡ, ಗದಗ, ಬಳ್ಳಾರಿ, ರಾಯಚೂರು ಕಡೆಗಳಿಂದಲೂ, ಆಂಧ್ರದ ಕರ್ನೂಲು ಕಡೆಯಿಂದಲೂ ರೈತರು ಮೆಣಸಿನಕಾಯಿ ತರುತ್ತಾರೆ. ಒಬ್ಬ ರೈತನ ಮಾಲು ಎರಡು ಲಕ್ಷ ರೂಪಾಯಿಗೆ ಹೋಯಿತೆಂದು ಇಟ್ಟುಕೊಳ್ಳಿ. ಎರಡು ಲಕ್ಷವೆಂದರೆ 500 ರೂಪಾಯಿಯ 400 ನೋಟು, ಅಂದರೆ ನಾಲ್ಕು ಕಟ್ಟು. ಒಂದು ಗಾಡಿ ತುಂಬ ಇದ್ದ ಬೆಳೆ ಈಗ ಅಂಗೈಯಲ್ಲಿ ಹಿಡಿಯುವಷ್ಟಾಯಿತು. ಮೆಣಸಿನಕಾಯಿಯ ಚೀಲಗಳನ್ನು ಕದಿಯಲು ನಾಲ್ಕು ಜನ ಬೇಕು. ನಾಲ್ಕು ಕಟ್ಟು ನೋಟಿಗೆ ಒಬ್ಬ ಕಿಸೆಗಳ್ಳ, ಒಂದು ಬ್ಲೇಡು ಸಾಕು.

1. ಹಣವನ್ನು ಹೊರದೆ ತರುವುದೇ ಮೇಲು

ಕಳ್ಳನಿಗೆ ಸಿಗದ ಹಣವೆಂದರೆ ನಮ್ಮ ಬಳಿ ಇಲ್ಲದ ಹಣ. ದಲಾಲಿ ಅಂಗಡಿಯವರಿಂದ ಮಾರಾಟದ ಪಟ್ಟಿ ಪಡೆದ ಮೇಲೆ ಹಣವನ್ನು ನೇರವಾಗಿ ಖಾತೆಗೆ ಹಾಕಿಸಿಕೊಳ್ಳಬೇಕು. ನೆಫ್ಟ್ ಎಂಬ ಬ್ಯಾಂಕ್ ವರ್ಗಾವಣೆಯು 2019ರ ಡಿಸೆಂಬರಿನಿಂದ ಹಗಲು ರಾತ್ರಿ, ರಜಾದಿನಗಳಲ್ಲಿಯೂ ನಡೆಯುತ್ತಿದೆ. ಹಣ ಬಂದಿತೋ ಇಲ್ಲವೋ ಎಂಬುದನ್ನು ಎದುರಿನವರ ಮೊಬೈಲಿನಲ್ಲಿ ತೋರಿಸಿದ ಚಿತ್ರದಿಂದ ನಂಬಕೂಡದು. ನಿಮ್ಮ ಖಾತೆಯ ಶಿಲ್ಕನ್ನು ನೀವೇ ನೋಡಿಕೊಳ್ಳತಕ್ಕದ್ದು.

ಚೆಕ್ಕು ಕೊಡುವುದಾದರೆ ಅದರ ಮೇಲೆ ಎರಡು ಗೆರೆ ಎಳೆಸಿ, ‘ಅಕೌಂಟ್ ಪೇಯೀ’ ಎಂದು ಬರೆಸಿರಿ. ಅಂಥ ಚೆಕ್ಕಿನ ಹಣ ಹೆಸರಿದ್ದವನ ಖಾತೆಗೇ ಜಮೆಯಾಗಬೇಕು. ದಾರಿಯಲ್ಲಿ ಕಳೆದರೂ ಕಂಡವರು ನಗದು ಮಾಡಿಕೊಳ್ಳುವಂತಿಲ್ಲ. ಕಳೆದೊಡನೆ ಚೆಕ್ಕು ಕೊಟ್ಟವರಿಗೆ ತಿಳಿಸಿ, ಅವರ ಬ್ಯಾಂಕಿನಲ್ಲಿ ಅದನ್ನು ತಡೆಹಿಡಿಸಬೇಕು.

ಇಲ್ಲಿ ಅನೇಕರ ಮನಸ್ಸಿನಲ್ಲಿ ಒಂದು ಅಂಜಿಕೆ ಇದೆ. “ಖಾತೆಗೆ ಬಂದರೆ ಬ್ಯಾಂಕಿನವರು ಹಳೆಯ ಸಾಲಕ್ಕೆ ಹಿಡಿದುಕೊಳ್ಳುತ್ತಾರೆ, ಅದಕ್ಕೇ ನಗದು ತರುತ್ತೇವೆ” ಎನ್ನುತ್ತಾರೆ. ಈ ಅಂಜಿಕೆ ಬರಿಯ ಸುಳ್ಳಲ್ಲ. ಆದರೆ ಇದಕ್ಕೆ ಮದ್ದು ಕೈಚೀಲದಲ್ಲಿಲ್ಲ. ಸುಗ್ಗಿಗೆ ಮೊದಲೇ ಬ್ಯಾಂಕಿನ ವ್ಯವಸ್ಥಾಪಕರನ್ನು ಕಂಡು, ಎಷ್ಟು ಕಂತು ಯಾವಾಗ ಕಟ್ಟುವಿರೆಂದು ಗೊತ್ತುಮಾಡಿಕೊಳ್ಳಿರಿ. ಮನೆಯ ಖರ್ಚಿನ ಹಣಕ್ಕೆ ಸಾಲವಿಲ್ಲದ ಬೇರೊಂದು ಖಾತೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಸಾಲಕ್ಕೆ ಜಮೆಯಾದ ಹಣದಿಂದ ಸಾಲವಾದರೂ ತೀರುತ್ತದೆ. ಕಳ್ಳನ ಕೈಸೇರಿದ ಹಣದಿಂದ ಏನೂ ತೀರುವುದಿಲ್ಲ.

ಗಾಡಿಯ ಬಾಡಿಗೆ, ಹಮಾಲಿ, ಊಟ, ಬಸ್ಸಿನ ಖರ್ಚು ಇಷ್ಟಕ್ಕೆ ಬೇಕಾದಷ್ಟು ಮಾತ್ರ ನಗದು ಪಡೆಯಿರಿ.

2. ನಗದು ತರಲೇಬೇಕಾದಾಗ

ನಮ್ಮ ಹಿರಿಯರು ಹಮ್ಮಿಣಿ ಕಟ್ಟುತ್ತಿದ್ದರು. ಅದು ಸೊಂಟಕ್ಕೆ ಸುತ್ತಿ, ಅಂಗಿಯ ಒಳಗೆ ಕಟ್ಟಿಕೊಳ್ಳುವ ಉದ್ದನೆಯ ಬಟ್ಟೆಯ ಚೀಲ. ಅದರ ಗುಣ ಎರಡು: ಮೈಗೆ ಹತ್ತಿರುವುದರಿಂದ ಯಾರಾದರೂ ಎಳೆದರೆ ತಿಳಿಯುತ್ತದೆ, ಹೊರಗಿನವರಿಗೆ ಕಾಣುವುದಿಲ್ಲ. ಇಂದಿಗೂ ದರ್ಜಿಯಿಂದ ಅಂಥದೊಂದನ್ನು ಹೊಲಿಸಿಕೊಳ್ಳಬಹುದು. ಬನಿಯನ್ನಿಗೆ ಗುಂಡಿಯಿರುವ ಒಳಕಿಸೆ ಹಚ್ಚಿಸಿದರೂ ಆದೀತು. ಷರಾಯಿಯ ಹಿಂದಿನ ಕಿಸೆ, ಹೆಗಲ ಹಿಂದೆ ತೂಗುವ ಚೀಲ, ಟವೆಲಿನ ಗಂಟು ಇವು ಹಣ ಇಡುವ ಜಾಗಗಳಲ್ಲ.

ಹಣವನ್ನು ಒಂದೇ ಕಡೆ ಇಡಕೂಡದು. ಇಬ್ಬರು ಹೋಗಿದ್ದರೆ ಇಬ್ಬರೂ ಹಂಚಿ ಇಟ್ಟುಕೊಳ್ಳಬೇಕು. ಟಿಕೆಟಿಗೆ, ಚಹಕ್ಕೆ ಬೇಕಾದ ಚಿಲ್ಲರೆಯನ್ನು ಬೇರೆ ಕಿಸೆಯಲ್ಲಿಡಬೇಕು. ಹತ್ತು ರೂಪಾಯಿ ತೆಗೆಯಲು ಹೋಗಿ ದೊಡ್ಡ ಕಟ್ಟನ್ನು ಹೊರಗೆ ತೆಗೆದರೆ ಬಸ್‌ನಿಲ್ದಾಣಕ್ಕೆಲ್ಲ ಡಂಗುರ ಸಾರಿದಂತಾಯಿತು. ಹಣವಿದ್ದ ಕಡೆಯನ್ನು ಮೇಲಿಂದ ಮೇಲೆ ಕೈಯಿಂದ ಮುಟ್ಟಿ ನೋಡುವುದೂ ತಪ್ಪು. ಕಿಸೆಗಳ್ಳನು ನಿಮ್ಮ ಕೈ ಎಲ್ಲಿ ಹೋಗುತ್ತದೆಂದೇ ನೋಡುತ್ತಿರುತ್ತಾನೆ. ಮಾಲು ಎಷ್ಟಕ್ಕೆ ಹೋಯಿತೆಂಬ ಮಾತು ಚಹದ ಅಂಗಡಿಯಲ್ಲಿ ಬೇಡ, ಬಸ್ಸಿನಲ್ಲಿ ಕುಳಿತು ಫೋನಿನಲ್ಲಂತೂ ಬೇಡವೇ ಬೇಡ.

ಎ.ಟಿ.ಎಂ. ಕಾರ್ಡಿನ ಗುಪ್ತಸಂಖ್ಯೆಯನ್ನು ಕಾರ್ಡಿನ ಮೇಲಾಗಲಿ, ಜೊತೆಯ ಚೀಟಿಯಲ್ಲಾಗಲಿ ಬರೆದಿಡಬಾರದು. ಯಂತ್ರದ ಬಳಿ ಅಪರಿಚಿತರ ಸಹಾಯ ಕೇಳಬಾರದು. ಕಾರ್ಡು ಕೈಬದಲಾಗಿ ಬೇರೆಯದು ನಮ್ಮ ಕೈಗೆ ಬರುವುದು ಅಲ್ಲಿಯೇ.

3. ಬಸ್ಸಿನಲ್ಲಿ

ಬಸ್ಸಿನ ಕಳವು ಹೆಚ್ಚಾಗಿ ಓಡುವ ಬಸ್ಸಿನಲ್ಲಲ್ಲ, ಹತ್ತುವ ಬಾಗಿಲಲ್ಲಿ ಆಗುತ್ತದೆ. ಸಂತೆ, ಜಾತ್ರೆ, ಹಬ್ಬದ ದಿನಗಳಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ಹತ್ತುವಾಗ ಮುಂದಿನವನು ಬೇಕೆಂದೇ ನಿಲ್ಲುತ್ತಾನೆ, ಹಿಂದಿನವನು ತಳ್ಳುತ್ತಾನೆ, ಪಕ್ಕದವನು ಕೆಲಸ ಮುಗಿಸುತ್ತಾನೆ. ಹಣವಿದ್ದ ದಿನ ಇಂಥ ಬಸ್ಸನ್ನು ಬಿಟ್ಟು ಮುಂದಿನದಕ್ಕೆ ಕಾಯುವುದೇ ಲಾಭ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳು ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಹಣವಿಲ್ಲದೆ ಪ್ರಯಾಣ ಮಾಡುತ್ತಿದ್ದಾರೆ. ತಾಯಂದಿರು ಗುರುತಿನ ಚೀಟಿಯನ್ನು ಒಡವೆ, ಹಣ ಇರುವ ಚೀಲದಲ್ಲಿಡದೆ ಬೇರೆ ಇಡಬೇಕು. ಕಂಡಕ್ಟರಿಗೆ ತೋರಿಸಲು ಪ್ರತಿಸಲವೂ ಆ ಚೀಲ ತೆರೆಯುವಂತಾಗಬಾರದು. ಸೆರಗನ್ನು ಕೊರಳ ಸುತ್ತ ಹೊದ್ದು ಪಿನ್ನು ಹಾಕಿಕೊಂಡರೆ ಸರಕ್ಕೆ ರಕ್ಷಣೆ. ಮದುವೆಗೆ ಹೋಗುವಾಗ ಒಡವೆಗಳನ್ನು ಬಟ್ಟೆಯ ಪೆಟ್ಟಿಗೆಯಲ್ಲಿ ಹಾಕಿ ಡಿಕ್ಕಿಗೆ ಕೊಡಕೂಡದು; ಮಡಿಲಲ್ಲಿ ಇರುವ ಚೀಲದಲ್ಲೇ ಇರಬೇಕು. ಹೊರಡುವ ಮೊದಲು ಅವುಗಳ ಚಿತ್ರ ತೆಗೆದಿಟ್ಟು, ಅಂಗಡಿಯ ರಸೀದಿಯನ್ನು ಮನೆಯಲ್ಲಿ ಜೋಪಾನ ಮಾಡಿರಿ.

ಗಂಟುಗಳು ಎಷ್ಟೆಂದು ಎಣಿಸಿ ಹತ್ತಬೇಕು, ಎಣಿಸಿ ಇಳಿಯಬೇಕು. ಪ್ರತಿಯೊಂದಕ್ಕೂ ಒಂದೇ ಬಣ್ಣದ ಬಟ್ಟೆಯ ಚೂರು ಕಟ್ಟಿದರೆ ಗುರುತು ಸುಲಭ. ಹೆಸರು, ಫೋನ್ ಸಂಖ್ಯೆ ಬರೆದ ಚೀಟಿಯನ್ನು ಗಂಟಿನ ಒಳಗೂ ಹಾಕಿರಿ. ಊಟಕ್ಕೆ ಬಸ್ಸು ನಿಂತಾಗ ಎಲ್ಲರೂ ಒಟ್ಟಿಗೆ ಇಳಿಯದೆ ಸರದಿಯ ಮೇಲೆ ಇಳಿಯಬೇಕು. ಇಳಿಯುವ ತನಕ ಟಿಕೆಟನ್ನು ಎಸೆಯಬೇಡಿ. ಬಸ್ಸಿನ ಸಂಖ್ಯೆಯನ್ನೂ ನೋಡಿಟ್ಟುಕೊಳ್ಳಿ. ಸಾಮಾನು ಮರೆತರೆ ಹುಡುಕಲು ಅವೆರಡೇ ಆಧಾರ.

4. ರೈಲಿನಲ್ಲಿ

ತಿರುಪತಿ, ಪಂಢರಪುರ, ಕಾಶಿ ಎಂದು ಯಾತ್ರೆ ಹೋಗುವವರು ಒಂದು ಕಾನೂನನ್ನು ತಿಳಿದಿರಬೇಕು. 1989ರ ರೈಲ್ವೆ ಕಾಯಿದೆಯ 100ನೆಯ ಕಲಮಿನ ಪ್ರಕಾರ, ರಸೀದಿ ಪಡೆದು ಒಪ್ಪಿಸದೆ ನಾವೇ ಇಟ್ಟುಕೊಂಡಿರುವ ಸಾಮಾನು ಕಳೆದರೆ, ರೈಲ್ವೆಯವರ ಅಥವಾ ಅವರ ನೌಕರರ ಅಲಕ್ಷ್ಯದಿಂದ ಇಲ್ಲವೆ ದುರ್ನಡತೆಯಿಂದ ಹಾಗಾಯಿತೆಂದು ಸಿದ್ಧವಾಗದ ಹೊರತು ರೈಲ್ವೆ ಹೊಣೆಯಲ್ಲ. ಅಂದರೆ ಕಾವಲು ನಮ್ಮದೇ.

ಸ್ಲೀಪರ್ ಡಬ್ಬಿಯಲ್ಲಿ ಕೆಳಗಿನ ಸೀಟಿನ ಅಡಿ ಸಾಮಾನು ಬಿಗಿಯಲು ಕಬ್ಬಿಣದ ಕೊಂಡಿಗಳಿರುತ್ತವೆ. ನಿಲ್ದಾಣದ ಹೊರಗೆ ದೊರೆಯುವ ಸರಪಳಿ, ಬೀಗ ಕೊಂಡು ಪೆಟ್ಟಿಗೆಯನ್ನು ಅದಕ್ಕೆ ಬಿಗಿಯಿರಿ. ಹಣದ ಚೀಲ ತಲೆಯಡಿ ಇರಲಿ. ಕಿಟಕಿಯ ಕಡೆ ಬೇಡ. ಗಾಡಿ ನಿಧಾನವಾಗಿ ಹೊರಡುವಾಗ ಕಿಟಕಿಯಿಂದ ಕೈಹಾಕಿ ಫೋನು, ಸರ ಕಿತ್ತುಕೊಳ್ಳುವವರುಂಟು. ನಿಲ್ದಾಣದ ಕ್ಲೋಕ್‌ರೂಮಿನಲ್ಲಿ ಬೀಗ ಹಾಕಿದ ಸಾಮಾನನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ರಸೀದಿಯನ್ನು ಜೋಪಾನ ಮಾಡಬೇಕು.

5. ಮೋಸದ ಮೂರು ಬಗೆ

ಒಂದು: “ನಿಮ್ಮ ಹಣ ಬಿದ್ದಿದೆ ನೋಡಿ” ಎಂದು ನೆಲದ ಮೇಲಿನ ಹತ್ತು ರೂಪಾಯಿಯ ನೋಟನ್ನು ತೋರಿಸುವುದು, ಅಥವಾ ಅಂಗಿಯ ಮೇಲೆ ಹೊಲಸು ಬಿದ್ದಿದೆಯೆಂದು ಒರೆಸಲು ಬರುವುದು. ನಾವು ಬಗ್ಗುವಷ್ಟರಲ್ಲಿ ಚೀಲ ಮಾಯವಾಗುತ್ತದೆ. ಅಂಥ ಮಾತು ಕೇಳಿದೊಡನೆ ಮೊದಲು ಚೀಲವನ್ನು ಹಿಡಿಯಿರಿ, ಆಮೇಲೆ ನೆಲ ನೋಡಿರಿ.

ಎರಡು: ಪೊಲೀಸರೆಂದು ಹೇಳಿಕೊಂಡು, “ಮುಂದೆ ಗಲಾಟೆಯಾಗಿದೆ, ಒಡವೆ ಬಿಚ್ಚಿ ಕಾಗದದಲ್ಲಿ ಕಟ್ಟಿಕೊಳ್ಳಿ” ಎನ್ನುವುದು. ಕಟ್ಟಿಕೊಡುವ ನೆಪದಲ್ಲಿ ಪೊಟ್ಟಣ ಬದಲಾಗಿ ಒಳಗೆ ಕಲ್ಲು ಉಳಿಯುತ್ತದೆ. ನಿಜವಾದ ಪೊಲೀಸರು ಬೀದಿಯಲ್ಲಿ ಒಡವೆ ಕಟ್ಟಿಕೊಡುವುದಿಲ್ಲ. “ಠಾಣೆಗೇ ಬರುತ್ತೇವೆ” ಎನ್ನಿರಿ.

ಮೂರು: ಸಹಪ್ರಯಾಣಿಕನಂತೆ ಸ್ನೇಹ ಬೆಳೆಸಿ ಬಿಸ್ಕತ್ತು, ಚಹ ಕೊಟ್ಟು ಮಂಪರು ಬರಿಸುವುದು. ಹಳ್ಳಿಯವರಿಗೆ ಕೊಟ್ಟದ್ದನ್ನು ಬೇಡವೆನ್ನುವುದು ಸಂಕೋಚ. “ಇವತ್ತು ಉಪವಾಸ” ಎಂದರೆ ಯಾರಿಗೂ ಬೇಸರವಿಲ್ಲ.

6. ಕಳೆದುಹೋದರೆ ಮೊದಲ ಗಳಿಗೆಯಲ್ಲಿ

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ಇದೆ. ಆದರೆ ಈಗಿನ ಕಾಲದಲ್ಲಿ ಕೊಳ್ಳೆ ಅರ್ಧದಲ್ಲಿರುವಾಗಲೂ ಬಾಗಿಲು ಹಾಕಬಹುದು.

(ಅ) ಬಸ್ಸಿನಲ್ಲಿ ಕಳವು ತಿಳಿದೊಡನೆ ಕಂಡಕ್ಟರಿಗೆ ಹೇಳಿ, ಯಾರೂ ಇಳಿಯುವ ಮೊದಲೇ ಬಸ್ಸನ್ನು ಹತ್ತಿರದ ಠಾಣೆಗೆ ಒಯ್ಯುವಂತೆ ಕೇಳಿಕೊಳ್ಳಿರಿ. ಪೊಲೀಸರ ತುರ್ತು ಸಂಖ್ಯೆ 112.

(ಆ) ರೈಲಿನಲ್ಲಾದರೆ 139ಕ್ಕೆ ಫೋನು ಮಾಡಿರಿ. ದೂರಿನ ನಮೂನೆ ಟಿ.ಟಿ.ಇ. ಅಥವಾ ಗಾರ್ಡಿನವರ ಬಳಿ ಸಿಗುತ್ತದೆ. ತುಂಬಿಕೊಟ್ಟರೆ ಪ್ರಯಾಣ ನಿಲ್ಲಿಸಬೇಕಾಗಿಲ್ಲ.

(ಇ) “ಇದು ನಮ್ಮ ಸರಹದ್ದಲ್ಲ” ಎಂಬ ಮಾತಿಗೆ ಹಿಂದಿರುಗಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಕಳವು ಎಲ್ಲಿ ಆಗಿದ್ದರೂ ದೂರನ್ನು ದಾಖಲು ಮಾಡಿಕೊಳ್ಳಬೇಕು. ಅದರ ಪ್ರತಿಯನ್ನು ದೂರುದಾರನಿಗೆ ಪುಕ್ಕಟೆ ಕೊಡಬೇಕು.

(ಈ) ಕಾರ್ಡು ಅಥವಾ ಮೊಬೈಲು ಹೋದರೆ ಬೇರೆಯವರ ಫೋನಿನಿಂದಲೇ ಕೂಡಲೆ ಬ್ಯಾಂಕಿಗೆ ತಿಳಿಸಿ ತಡೆಹಿಡಿಸಬೇಕು. ರಿಸರ್ವ್ ಬ್ಯಾಂಕು 2017ರಲ್ಲಿ ಹೊರಡಿಸಿದ ಸುತ್ತೋಲೆಯಂತೆ, ನಮ್ಮ ಅಲಕ್ಷ್ಯದಿಂದ ನಷ್ಟವಾದರೆ ತಿಳಿಸುವ ತನಕದ್ದು ನಮ್ಮ ಪಾಲು, ತಿಳಿಸಿದ ನಂತರದ್ದು ಬ್ಯಾಂಕಿನ ಪಾಲು. ಖಾತೆಯಿಂದ ಆಗಲೇ ಹಣ ಎಳೆದಿದ್ದರೆ 1930ಕ್ಕೂ ಹೇಳಿರಿ.

(ಉ) ಸಿಮ್ ಕಂಪನಿಗೆ ಹೇಳಿ ಸಿಮ್ ನಿಲ್ಲಿಸಿರಿ. ಪೊಲೀಸ್ ದೂರಿನ ನಂತರ ‘ಸಂಚಾರ್ ಸಾಥಿ’ಯ ಮೂಲಕ ಫೋನನ್ನೇ ದೇಶದಲ್ಲೆಲ್ಲ ನಡೆಯದಂತೆ ಮಾಡಬಹುದು. ಅದಕ್ಕೆ ಫೋನಿನ 15 ಅಂಕಿಯ ಐ.ಎಂ.ಇ.ಐ. ಸಂಖ್ಯೆ ಬೇಕು. *#06# ಒತ್ತಿದರೆ ಅದು ಕಾಣುತ್ತದೆ. ಈ ಪಾಠ ಓದಿ ಮುಗಿಸಿದ ಕೂಡಲೆ ಆ ಸಂಖ್ಯೆಯನ್ನೂ ಬ್ಯಾಂಕಿನ ಫೋನ್ ಸಂಖ್ಯೆಯನ್ನೂ ಒಂದು ಕಾಗದದಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸಿರಿ. ಫೋನಿನೊಳಗೇ ಬರೆದಿಟ್ಟರೆ ಫೋನಿನ ಜೊತೆಗೇ ಹೋಗುತ್ತದೆ.

ಓದುಬಲ್ಲವರು ಇದನ್ನು ಮನೆಯ ಹಿರಿಯರಿಗೂ, ಸ್ವಸಹಾಯ ಸಂಘದ ತಾಯಂದಿರಿಗೂ ಓದಿ ಹೇಳಬೇಕೆಂದು ಕೋರಿಕೆ.

ಸಂಘದಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಊರಿನವರು ಮಾಲು ಮಾರುವ ಪೇಟೆಯಲ್ಲಿ ಹಣವನ್ನು ಖಾತೆಗೆ ಹಾಕಿಸಿಕೊಳ್ಳುವವರು ಎಷ್ಟು ಮಂದಿ? ಉಳಿದವರಿಗೆ ಇರುವ ಅಡ್ಡಿ ಯಾವುದು?
2. ಸಾಲದ ಕಂತಿನ ವಿಷಯ ಮಾತಾಡಲು ಬ್ಯಾಂಕಿನ ವ್ಯವಸ್ಥಾಪಕರನ್ನು ಊರಿನ ಸಭೆಗೇ ಕರೆಯಬಹುದೆ?
3. ಸುಗ್ಗಿಯ ದಿನಗಳಲ್ಲಿ ಪೇಟೆಗೆ ಒಬ್ಬೊಬ್ಬರೇ ಹೋಗದೆ ನಾಲ್ಕಾರು ಮಂದಿ ಜೊತೆಯಾಗಿ ಹೋಗಿಬರಲು ಯಾವ ಏರ್ಪಾಡು ಮಾಡಬಹುದು?